ಹಾಲು ಬಿಟ್ಟವಳ ರಕ್ತ

ಅಶ್ವಿನಿಯ ಫೈಲಿನಲ್ಲಿ ಮೂವತ್ತೊಂದು ಕಾಗದಗಳಿದ್ದವು. ರಕ್ತ ಪರೀಕ್ಷೆಯ ವರದಿಗಳು ಹನ್ನೊಂದು, ಔಷಧಿ ಚೀಟಿಗಳು ಒಂಬತ್ತು, ರಕ್ತ ಏರಿಸಿದ ದಾಖಲೆಗಳು ಮೂರು, ಹೊಟ್ಟೆಯ ಸ್ಕ್ಯಾನಿಂಗ್ ಎರಡು. ಉಳಿದವು ಒಬ್ಬ ವೈದ್ಯರು ಇನ್ನೊಬ್ಬರಿಗೆ ಕಳಿಸಿದ ಪತ್ರಗಳು. ಎರಡು ವರ್ಷದಲ್ಲಿ ಆರು ಜನ ವೈದ್ಯರು ಅವಳನ್ನು ನೋಡಿದ್ದರು. ಅವಳು ಏನು ಉಣ್ಣುತ್ತಾಳೆ ಎಂದು ಕೇಳಿ ಬರೆದುಕೊಂಡ ಒಂದೇ ಒಂದು ಸಾಲು ಆ ಮೂವತ್ತೊಂದು ಕಾಗದಗಳಲ್ಲಿ ಎಲ್ಲಿಯೂ ಇರಲಿಲ್ಲ.

ಆ ಪ್ರಶ್ನೆಯನ್ನು ಮೊದಲು ಕೇಳಿದವಳು ವೈದ್ಯೆಯಲ್ಲ. ಸಿಂಧನೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಎರಡು ಕೋಣೆಯ ಖಾಸಗಿ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ರಕ್ತ ತೆಗೆಯುವ ಕೆಲಸ ಮಾಡುತ್ತಿರುವ ಮಾಸುಂಬಿ.

ಮಾಸುಂಬಿಗೆ ಈಗ ನಲವತ್ತಾರು. ತುರ್ವಿಹಾಳದವಳು. ಅವಳ ತಂದೆಗೆ ಅಲ್ಲಿ ಸೈಕಲ್ ರಿಪೇರಿ ಅಂಗಡಿಯಿತ್ತು. ಪಿಯುಸಿ ಮುಗಿಸಿ ಎರಡು ವರ್ಷ ಲ್ಯಾಬ್ ತರಬೇತಿ ಪಡೆದು ಇಲ್ಲಿ ಸೇರಿದಳು. ಬೆಳಿಗ್ಗೆ ಏಳೂವರೆಗೆ ತುರ್ವಿಹಾಳದ ಬಸ್ಸಿನಿಂದ ಇಳಿದು, ಬುರ್ಖಾವನ್ನು ಗೂಟಕ್ಕೆ ಹಾಕಿ, ಬಿಳಿ ಕೋಟು ತೊಟ್ಟು ಕುಳಿತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ನಾಟಿ ಹಚ್ಚುವ ಹೆಂಗಸರು, ಅಕ್ಕಿ ಗಿರಣಿಯ ಹಮಾಲರು, ಬಸುರಿಯರು, ಸಕ್ಕರೆ ಕಾಯಿಲೆಯ ವ್ಯಾಪಾರಸ್ಥರು ಎಲ್ಲರೂ ಅವಳ ಮುಂದೆಯೇ ತೋಳು ಚಾಚಬೇಕೆನ್ನುತ್ತಾರೆ. ಒಂದೇ ಚುಚ್ಚಿಗೆ ನರ ಸಿಗುತ್ತದೆ ಎಂಬುದು ಅದಕ್ಕೆ ಕಾರಣ.

ಅವಳು ಕೆಲಸಕ್ಕೆ ಸೇರಿದಾಗ ರಕ್ತಕಣಗಳನ್ನು ಕಣ್ಣಿನಿಂದಲೇ ಎಣಿಸಬೇಕಿತ್ತು. ಈಗ ಯಂತ್ರ ಒಂದು ನಿಮಿಷದಲ್ಲಿ ಎಣಿಸಿ ಕಾಗದ ಕೊಡುತ್ತದೆ. ಲ್ಯಾಬಿನ ಮಾಲೀಕ ಆಂಜನೇಯನ ಲೆಕ್ಕದಲ್ಲಿ ಸೂಕ್ಷ್ಮದರ್ಶಕ ಇರುವುದು ಮೂತ್ರ ಮತ್ತು ಮಲೇರಿಯಾ ನೋಡುವುದಕ್ಕೆ ಮಾತ್ರ. ಮಾಸುಂಬಿ ಮಾತ್ರ ಹಳೆಯ ರೂಢಿಯೊಂದನ್ನು ಬಿಟ್ಟಿಲ್ಲ. ಕೆಂಪು ಕಣ, ಬಿಳಿ ಕಣ, ರಕ್ತ ಹೆಪ್ಪುಗಟ್ಟಿಸುವ ಕಿರುಕಣ, ಈ ಮೂರೂ ಒಟ್ಟಿಗೆ ಇಳಿದ ವರದಿ ಯಂತ್ರದಿಂದ ಬಂದರೆ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಇನ್ನೊಂದು ಗಾಜಿನ ಅಂಚಿನಿಂದ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕಿ, ಕಣ್ಣಿಟ್ಟು ನೋಡುತ್ತಾಳೆ. ಹಾಗೆ ನೋಡಲು ಅವಳಿಗೆ ಯಾರೂ ಹೇಳಿಲ್ಲ.

'ಮಷೀನು ಎಣಿಸ್ತೈತ್ರಿ, ನೋಡಂಗಿಲ್ಲ' ಎನ್ನುವುದು ಅವಳ ಸಮಜಾಯಿಷಿ. 'ಹತ್ತು ಮಂದಿ ಅದಾರ ಅಂತ ಹೇಳ್ತೈತಿ. ಆ ಹತ್ತು ಮಂದ್ಯಾಗ ಎಷ್ಟು ಮಂದಿ ಮಕಾಡೆ ಬಿದ್ದಾರ ಅಂತ ಹೇಳಂಗಿಲ್ಲ.'

ಫೆಬ್ರವರಿಯ ಒಂದು ಸೋಮವಾರ ಅಶ್ವಿನಿಯನ್ನು ಕರೆತಂದವಳು ಅವಳ ತಾಯಿ, ಸಂತೆಕಲ್ಲೂರಿನ ಸುಕನ್ಯಾ. ಅಶ್ವಿನಿಗೆ ಇಪ್ಪತ್ತೇಳು ವರ್ಷ. ಮುಖಕ್ಕೆ ನಿಂಬೆ ಹಣ್ಣಿನ ಬಣ್ಣ ಬಂದಿತ್ತು. ಮೊಣಕೈ ಸುತ್ತ ಹೊಡೆತ ಬಿದ್ದಂಥ ನೀಲಿ ಕಲೆಗಳಿದ್ದವು. ನಡೆಯುವಾಗ ಕೆಳಗೆ ನೋಡಿ, ಪಾದ ಎಲ್ಲಿ ಊರಿತು ಎಂದು ಕಣ್ಣಿನಿಂದ ಖಚಿತ ಮಾಡಿಕೊಂಡು ಮುಂದಿನ ಹೆಜ್ಜೆ ಎತ್ತುತ್ತಿದ್ದಳು.

ಅವಳನ್ನು ಕೊಟ್ಟಿದ್ದು ಗೊರೇಬಾಳಕ್ಕೆ. ಗಂಡ ಬಸವಲಿಂಗ, ಮಾವ ಶಿವಶರಣಪ್ಪ, ಅತ್ತೆ ಕಸ್ತೂರೆಮ್ಮ. ಕಾಲುವೆ ನೀರಿನ ಭತ್ತದ ಗದ್ದೆ, ಹಟ್ಟಿಯಲ್ಲಿ ನಾಲ್ಕು ಎಮ್ಮೆ, ಲಿಂಗಪೂಜೆ ಮುಗಿಯದೆ ಒಲೆಯ ಮೇಲಿನ ಪಾತ್ರೆ ಇಳಿಸದ ಮನೆ. ಮಾಂಸ, ಮೊಟ್ಟೆಯ ಹೆಸರನ್ನು ಆ ಮನೆಯಲ್ಲಿ ಉಚ್ಚರಿಸುವುದೂ ಇಲ್ಲ. ಎರಡು ಸಲ ಗರ್ಭ ನಿಲ್ಲದೆ ಹೋದ ಮೇಲೆ ಅಶ್ವಿನಿಗೆ ಒಬ್ಬ ಮಗಳು ಹುಟ್ಟಿದಳು, ನೀಲಾಂಬಿಕೆ. ಈ ಫೆಬ್ರವರಿಗೆ ಮಗುವಿಗೆ ನಾಲ್ಕು ತುಂಬಿತ್ತು.

ಸುಸ್ತು ಶುರುವಾಗಿದ್ದು ಮಗುವಿಗೆ ಎರಡು ತುಂಬಿದ ಮೇಲೆ. ರಕ್ತ ಕಡಿಮೆ ಎಂದು ಕಬ್ಬಿಣದ ಗುಳಿಗೆ ಕೊಟ್ಟರು. ರಕ್ತ ಸ್ವಲ್ಪ ಏರಿತು, ಮತ್ತೆ ಇಳಿಯಿತು. ಮತ್ತೆ ಗುಳಿಗೆ ಕೊಟ್ಟರು. ಆ ಗುಳಿಗೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲವೂ ಇರುತ್ತದೆ. ಕೊರತೆ ಬೇರೆಯದಾಗಿದ್ದರೆ ಫೋಲಿಕ್ ಆಮ್ಲ ಕೆಲವು ತಿಂಗಳು ರಕ್ತದ ಅಂಕಿಯನ್ನು ಎತ್ತಿ ತೋರಿಸುತ್ತದೆ, ನರಗಳನ್ನು ಮಾತ್ರ ಕಾಯುವುದಿಲ್ಲ. ಅಂಕಿ ಏರಿತೆಂದು ವೈದ್ಯರು ಸಮಾಧಾನಪಟ್ಟ ತಿಂಗಳುಗಳಲ್ಲೇ ಅಶ್ವಿನಿಯ ಪಾದಗಳು ಜುಮುಗುಟ್ಟಲು ಹತ್ತಿದವು. ಅಂಗಳದಲ್ಲಿ ತುಂಬಿದ ಕೊಡ ಇಳಿಸುವಾಗ ಬಿದ್ದಳು. ಸೊಸೆಗೆ ಮೈಗಳ್ಳತನ ಎಂದು ಮನೆಯಲ್ಲಿ ಮಾತಾಯಿತು.

ಅಕ್ಟೋಬರಿನಲ್ಲಿ ದೊಡ್ಡ ಊರಿನ ಖಾಸಗಿ ಆಸ್ಪತ್ರೆಯೊಂದರ ವೈದ್ಯರು ಯಂತ್ರದ ವರದಿ ನೋಡಿ, ರಕ್ತದ ಕ್ಯಾನ್ಸರ್ ಇರಬಹುದು, ಎಲುಬಿನ ಮಜ್ಜೆಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಿ ಎಂದರು. ಮನೆಯವರು ಗೊರೇಬಾಳ ಮುಟ್ಟುವಷ್ಟರಲ್ಲಿ 'ಇರಬಹುದು' ಎಂಬುದು ದಾರಿಯಲ್ಲೇ ಉದುರಿಹೋಗಿತ್ತು. ಕ್ಯಾನ್ಸರ್ ಎಂದಮೇಲೆ ಪರೀಕ್ಷೆ ಯಾಕೆ ಎಂದು ಅದನ್ನೂ ಬಿಟ್ಟರು. ಮರುದಿನವೇ ಅಶ್ವಿನಿಯ ತಾಟು, ಲೋಟ ಬೇರೆಯಾದವು. ತಾಯಿಯ ಎಂಜಲಿನಿಂದ, ಬೆವರಿನಿಂದ ಮಗುವಿಗೂ ಬಡಿದೀತೆಂದು ನೀಲಾಳ ಹಾಸಿಗೆ ಅಜ್ಜಿಯ ಕೋಣೆಗೆ ಹೋಯಿತು. ಅವ್ವನ ಹತ್ತಿರ ಹೋಗಬಾರದು, ಎರಡು ಮಾರು ದೂರ ನಿಲ್ಲಬೇಕು ಎಂದು ಮಗುವಿಗೆ ದಿನಾ ಹೇಳಿಕೊಟ್ಟರು. ದೀಪಾವಳಿ ಮುಗಿದ ಮೇಲೆ ಅಶ್ವಿನಿಯನ್ನು ಆರೈಕೆಗೆಂದು ಸಂತೆಕಲ್ಲೂರಿಗೆ ಕಳಿಸಿದರು. ಮಗುವನ್ನು ಕಳಿಸಲಿಲ್ಲ. ಫೆಬ್ರವರಿಯಲ್ಲಿ ಹೇಳಿಕೆ ಬಂತು: ಮುಂದಿನ ವಾರ ಬಿಟ್ಟು ಅದರಾಚೆಯ ಭಾನುವಾರ ಮಸ್ಕಿಯಲ್ಲಿ ಹಿರಿಯರು ಕೂಡುತ್ತಾರೆ, ಮಗು ಇನ್ನು ಗೊರೇಬಾಳದಲ್ಲೇ ಇರುತ್ತದೆ ಎಂದು ಒಪ್ಪಿ ಬರೆದುಕೊಡಬೇಕು.

ಸಂಸಾರ ಮುರಿಯುವ ಆ ಮಾತಿಗೆ ಇದ್ದ ಆಧಾರ ಒಂದು ಯಂತ್ರದ ಕಾಗದ ಮತ್ತು ಯಾರೂ ಮಾಡಿಸದೆ ಬಿಟ್ಟ ಒಂದು ಪರೀಕ್ಷೆ.

ಸುಕನ್ಯಾ ಮಗಳನ್ನು ಸಿಂಧನೂರಿಗೆ ಕರೆತಂದದ್ದು ಹೊಸ ಭರವಸೆಯಿಂದೇನಲ್ಲ. ಹಿರಿಯರ ಮುಂದೆ ಇಡಲು ಇನ್ನೊಂದು ಕಾಗದವಿರಲಿ ಎಂದು. ಅಂದು ಯಂತ್ರ ಹೇಳಿದ್ದು: ಹಿಮೋಗ್ಲೋಬಿನ್ ಐದೂ ಕಾಲು, ಬಿಳಿ ಕಣ ಎರಡು ಸಾವಿರದ ಮುನ್ನೂರು, ಕಿರುಕಣ ನಲವತ್ತೆಂಟು ಸಾವಿರ. ಮೂರೂ ಇಳಿದಿದ್ದವು. ಮಾಸುಂಬಿ ಗಾಜು ಎಳೆದಳು.

ಗಾಜಿನಲ್ಲಿ ಏನು ಕಂಡಿತೆಂದು ಹೇಳುವ ಮೊದಲು ರಕ್ತ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಹೇಳಬೇಕು. ಹುಟ್ಟುವುದು ಹೊಟ್ಟೆಯಲ್ಲಲ್ಲ, ಹೃದಯದಲ್ಲೂ ಅಲ್ಲ. ಬೆಳೆದ ಮನುಷ್ಯನಲ್ಲಿ ಅದು ಸೊಂಟ, ಬೆನ್ನು, ಎದೆ, ಪಕ್ಕೆ ಇಂಥ ಎಲುಬುಗಳ ಒಳಗಿನ ಮೆತ್ತನೆಯ ಮಜ್ಜೆಯಲ್ಲಿ ಹುಟ್ಟುತ್ತದೆ. ಅಲ್ಲಿರುವ ಕೆಲವೇ ಮೂಲಕಣಗಳು ಒಡೆದು ಎರಡಾಗಿ, ಎರಡು ನಾಲ್ಕಾಗಿ, ಕೆಲವು ಕೆಂಪು ಕಣಗಳಾಗುತ್ತವೆ, ಕೆಲವು ಬಿಳಿ, ಕೆಲವು ಕಿರುಕಣ. ಕೆಂಪು ಕಣವೊಂದೇ ಸೆಕೆಂಡಿಗೆ ಇಪ್ಪತ್ತು ಲಕ್ಷದ ಸುಮಾರು ಹುಟ್ಟುತ್ತದೆ. ಎಳೆಯ ಕೆಂಪು ಕಣಕ್ಕೆ ನಡುವೆ ಒಂದು ಬೀಜವಿರುತ್ತದೆ. ಮಾಗುತ್ತ ಅದು ತನ್ನ ಬೀಜವನ್ನು ಹೊರದಬ್ಬಿ, ನಡುವೆ ತಗ್ಗಾದ ಬಿಲ್ಲೆಯಂತಾಗಿ, ರಕ್ತನಾಳಕ್ಕಿಳಿದು ನೂರಿಪ್ಪತ್ತು ದಿನ ತಿರುಗುತ್ತದೆ. ಕಿರುಕಣ ಹತ್ತು ದಿನ ಬಾಳುವುದೂ ಕಷ್ಟ. ಸೋಂಕಿನ ಜೊತೆ ಮೊದಲು ಬಡಿದಾಡುವ ಬಿಳಿ ಕಣ ರಕ್ತದಲ್ಲಿರುವುದು ಒಂದು ದಿನಕ್ಕಿಂತ ಹೆಚ್ಚಿಲ್ಲ. ಆದ್ದರಿಂದ ಮಜ್ಜೆಗೆ ರಜೆ ಎಂಬುದಿಲ್ಲ.

ಕಣ ಒಡೆದು ಎರಡಾಗಬೇಕಾದರೆ ಒಳಗಿನ ಬೀಜದ ನಕಲು ತಯಾರಾಗಬೇಕು. ಆ ನಕಲಿಗೆ ಬಿ12 ಎಂಬ ಜೀವಸತ್ವ ಬೇಕು. ಬೇಕಾಗುವುದು ಕಣ್ಣಿಗೆ ಕಾಣದಷ್ಟು, ಆದರೆ ಅದಿಲ್ಲದೆ ನಡೆಯುವುದಿಲ್ಲ. ಅದು ಕಾಯಿಪಲ್ಲೆಯಲ್ಲಿಲ್ಲ, ಕಾಳಿನಲ್ಲಿಲ್ಲ, ಬೀಟ್‌ರೂಟಿನಲ್ಲಿಲ್ಲ. ಮಾಂಸ, ಮೀನು, ಮೊಟ್ಟೆ, ಹಾಲು ಇವುಗಳಲ್ಲಿ ಇದೆ. ಅದು ಸಿಗದಿದ್ದರೆ ಕಣ ಉಬ್ಬುತ್ತದೆ, ಒಡೆಯಲಾರದೆ ಎಲುಬಿನೊಳಗೇ ಸಾಯುತ್ತದೆ. ಸಕಾಲಕ್ಕೆ ಕೀಳದ ಭತ್ತದ ಸಸಿ ಮಡಿಯಲ್ಲೇ ಉದ್ದ ಬೆಳೆದು ಹಾಳಾಗುವಂತೆ. ಮಡಿ ತುಂಬಿರುತ್ತದೆ, ಗದ್ದೆ ಬರಿದಾಗಿರುತ್ತದೆ.

ಅಶ್ವಿನಿಯ ಗಾಜಿನಲ್ಲಿ ಕೆಂಪು ಕಣಗಳು ಕಡಿಮೆಯಿದ್ದವು, ಇದ್ದವೂ ದೊಡ್ಡವಾಗಿ ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದವು. ಬಿಳಿ ಕಣದ ಬೀಜ ಮೂರು ನಾಲ್ಕು ತುಂಡಾಗಿರುವುದು ವಾಡಿಕೆ. ಇಲ್ಲಿ ಆರು, ಕೆಲವುಗಳಲ್ಲಿ ಏಳು. ಮಾಗದೆ ರಕ್ತಕ್ಕಿಳಿಯುವ ಕ್ಯಾನ್ಸರಿನ ಹಸಿ ಕಣಗಳಿಗಾಗಿ ಮಾಸುಂಬಿ ಗಾಜಿನ ತುದಿಯಿಂದ ತುದಿಯವರೆಗೆ ಹುಡುಕಿದಳು. ಒಂದೂ ಸಿಗಲಿಲ್ಲ. ಇನ್ನೊಂದು ಗಾಜು ಎಳೆದು ಮತ್ತೆ ಹುಡುಕಿದಳು. ಆಮೇಲೆ ಹೊರಗೆ ಬಂದು ಬೆಂಚಿನ ಮೇಲೆ ಅವರ ಪಕ್ಕ ಕುಳಿತಳು.

'ಏನ್ ಉಣ್ತೀಯವ್ವ ದಿನಾ?'

ಉತ್ತರ ಕೊಟ್ಟವಳು ತಾಯಿ. 'ಏನ್ ಉಣ್ಣಸಿಲ್ಲ ಅಂತ ಕೇಳ್ರಿ! ಬೀಟ್‌ರೂಟ್ ರಸ, ದಾಳಿಂಬ್ರಿ, ಖಜೂರ, ಬೆಲ್ಲ ಶೇಂಗಾ. ಕೆಂಪಂದು ಅಂತ ಏನೈತಿ ಎಲ್ಲಾ ಈಕಿ ಹೊಟ್ಟಿಗೆ ಹೋಗೈತಿ. ಮೈ ಮಾತ್ರ ಹಳದಿ ಆಗೇತಿ.'

'ನಾ ಆಕಿನ್ನ ಕೇಳಾಕತ್ತೀನಿ ಯಕ್ಕ. ನೀ ಸುಮ್ನ ಕುಂದ್ರು.'

'ರೊಟ್ಟಿ, ಪಲ್ಯ, ಅನ್ನ, ಸಾರು' ಎಂದಳು ಅಶ್ವಿನಿ.

ಎದುರಿನ ಹೋಟೆಲಿನಿಂದ ಮೂರು ಚಹಾ ಬಂದವು. ಅಶ್ವಿನಿ ಲೋಟ ಮುಟ್ಟಲಿಲ್ಲ. ಮಾಸುಂಬಿ ಒತ್ತಾಯ ಮಾಡಿದಾಗ ನಾಚಿಕೊಂಡು ಹೇಳಿದಳು, 'ಹಾಲ ಹಾಕಲಾರದ್ದು ಇದ್ರ ಕೊಡ್ರಿ.'

ಸುಕನ್ಯಾ ತಿರುಗಿ ನೋಡಿದಳು. 'ಏನಂದೀ? ಮನ್ಯಾಗ ಹೊಟ್ಟಿ ತೊಳಸ್ತೈತಿ ಅಂತ ಹಾಲು ಬ್ಯಾಡಂದಿ, ನಾ ಜಡ್ಡಿಂದು ಅಂತ ತಿಳದಿದ್ದೆ. ಎಮ್ಮಿ ಕರಿಯೂಮುಂದ ಗಿಂಡಿ ಹಿಡಕೊಂಡು ಬಾಗಲದಾಗ ಕುಂದ್ರಾಕಿ ನೀ! ಯಾವತ್ತಿನಿಂದ ಬಿಟ್ಟಿ ಲೇ?'

ಮಾಸುಂಬಿಗೆ ಈ ಭಾಗದ ಮೌನಗಳು ಗೊತ್ತು. ಬಸುರಿಯರು ಹೇಳದ ಮಾತು, ಗಂಡಸರು ಮುಚ್ಚಿಡುವ ಕಾಯಿಲೆ, ಅವುಗಳ ಜೊತೆಗೆ ಇದೂ ಒಂದು.

'ಹರಕಿ ಏನರ ಐತೇನವ್ವ?'

'ಹೇಳಬಾರದ್ರಿ.'

'ಹೇಳಬ್ಯಾಡ. ಬಾಯಿ ಬಿಟ್ರ ಹರಕಿ ಮುರೀತೈತಿ, ನನಗೂ ಗೊತ್ತೈತಿ. ನಾ ಕೇಳ್ತೀನಿ, ನೀ ತಲಿ ಅಲ್ಲಾಡಸು. ಹಾಲು?' ತಲೆ ಆಡಿತು. 'ಮೊಸರು? ಮಜ್ಜಿಗಿ? ತುಪ್ಪ?' ಪ್ರತಿಯೊಂದಕ್ಕೂ ಆಡಿತು. 'ಎಷ್ಟು ವರ್ಷ? ಎರಡು? ಮೂರು?' ತಲೆ ಅಲುಗಲಿಲ್ಲ. 'ನಾಕು ದಾಟೈತೇನು?' ಆಡಿತು. 'ಕೂಸಿನ ಸಲುವಾಗಿ?' ಅಷ್ಟಕ್ಕೆ ಅಶ್ವಿನಿ ಅಳತೊಡಗಿದಳು.

'ನೀನ ಹೊತ್ತದ್ದೇನು?'

ತಲೆ ಅಡ್ಡಡ್ಡ ಆಡಿತು.

ಮೂರನೆಯ ಸಲ ಗರ್ಭ ನಿಂತಾಗ ಕಸ್ತೂರೆಮ್ಮ ಮನೆದೇವರ ಮುಂದೆ ಹರಕೆ ಹೊತ್ತಿದ್ದಳು. ಕೂಸು ಉಳಿದರೆ, ಅದಕ್ಕೆ ಐದು ತುಂಬಿ ಹುಟ್ಟುಗೂದಲ ಜವಳ ತೆಗೆಸುವತನಕ ತನ್ನ ಸೊಸೆ ಹಾಲು, ಹಾಲಿನಿಂದಾದ ಯಾವುದನ್ನೂ ಬಾಯಿಗೆ ಮುಟ್ಟಿಸುವುದಿಲ್ಲ. ಹೊತ್ತವಳು ಅತ್ತೆ, ನಡೆಸುವವಳು ಸೊಸೆ. ಪ್ರೀತಿಯ ವಸ್ತು ಬಿಡುವ ಹರಕೆ ಈ ಸೀಮೆಗೆ ಹೊಸದಲ್ಲ. ಒಬ್ಬರ ಪ್ರೀತಿಯ ವಸ್ತುವನ್ನು ಇನ್ನೊಬ್ಬರು ದೇವರಿಗೆ ಕೊಟ್ಟುಬಿಡುವುದೂ ಹೊಸದಲ್ಲ. ನಾಲ್ಕು ಎಮ್ಮೆಯ ಮನೆಯಲ್ಲಿ ದಿನಕ್ಕೆರಡು ಸಲ ಹಾಲು ಕಾಯಿಸಿ, ಹೆಪ್ಪು ಹಾಕಿ, ಮಜ್ಜಿಗೆ ಕಡೆದು, ತುಪ್ಪ ಇಳಿಸುತ್ತಿದ್ದವಳು ನಾಲ್ಕೂವರೆ ವರ್ಷ ಬೆರಳು ನೆಕ್ಕಿರಲಿಲ್ಲ. ಬಿ12 ನಮ್ಮ ಯಕೃತ್ತಿನಲ್ಲಿ ಕೆಲವು ವರ್ಷಗಳಿಗಾಗುವಷ್ಟು ಸಂಗ್ರಹವಾಗಿರುತ್ತದೆ. ಒಂದು ಬಸಿರು, ಒಂದು ಬಾಣಂತನ, ಎರಡು ವರ್ಷದ ಮೊಲೆಹಾಲು ಇವೆಲ್ಲ ಆ ಸಂಗ್ರಹದಿಂದಲೇ ನಡೆದವು. ಮಗುವಿಗೆ ಎರಡು ತುಂಬಿದಾಗ ಅದು ಮುಗಿದಿತ್ತು. ಸುಸ್ತು ಶುರುವಾದದ್ದು ಅದೇ ಹೊತ್ತಿಗೆ.

ಆಂಜನೇಯ ಹನ್ನೊಂದು ಗಂಟೆಗೆ ಬಂದ. ವರದಿಯ ಕೊನೆಯಲ್ಲಿ ಮಾಸುಂಬಿ ನಾಲ್ಕು ಸಾಲು ಬರೆದಿದ್ದಳು: ಕೆಂಪು ಕಣ ದೊಡ್ಡವು, ಬಿಳಿ ಕಣದ ಬೀಜ ಹೆಚ್ಚು ತುಂಡಾಗಿವೆ, ಹಸಿ ಕಣ ಕಂಡಿಲ್ಲ, ಬಿ12 ನೋಡಬೇಕು.

'ಮಾಸುಂಬಕ್ಕ, ನೀನು ಡಾಕ್ಟರ್ ಯಾವಾಗಿಂದ ಆದಿ?'

'ರೋಗದ ಹೆಸರು ಬರದಿಲ್ಲರೀ. ಕಂಡದ್ದು ಬರದೀನಿ.'

'ದೊಡ್ಡ ಆಸ್ಪತ್ರ್ಯಾಗ ಕ್ಯಾನ್ಸರ್ ಅಂದಾರ. ನಾಳೆ ಏನರ ಆದ್ರ ಬಾಗಲಕ್ಕ ಬಂದು ನಿಂದ್ರತಾರ.'

'ಅವರು ಅಂದಾರ, ನೋಡಿಲ್ಲ. ನಾ ನೋಡೀನಿ. ನೀವೂ ಬಂದು ನೋಡ್ರಿ, ಕಣ್ಣ ಹಚ್ಚಾಕ ಏನ್ ರೊಕ್ಕ ಹತ್ತತೈತಿ?'

ಆಂಜನೇಯ ಕಣ್ಣು ಹಚ್ಚಲಿಲ್ಲ. ವರದಿ ಹರಿಯಲೂ ಇಲ್ಲ. ಸುಕನ್ಯಾ ಅದೇ ದಿನ ಮಗಳನ್ನು ಕರೆದುಕೊಂಡು ಲಿಂಗಸುಗೂರಿಗೆ ಹೋದಳು. ಅಲ್ಲಿನ ಫಿಜಿಶಿಯನ್ ಡಾ. ಸಿದ್ದರಾಮೇಶ ಆ ನಾಲ್ಕು ಸಾಲನ್ನು ಎರಡು ಸಲ ಓದಿದರು. ಅಶ್ವಿನಿಯನ್ನು ನಿಲ್ಲಿಸಿ ಕಣ್ಣು ಮುಚ್ಚಲು ಹೇಳಿದರು. ಕಣ್ಣು ಮುಚ್ಚಿದ ಕೂಡಲೇ ಅವಳು ಪಕ್ಕಕ್ಕೆ ವಾಲಿದಳು, ಹಿಡಿದುಕೊಂಡರು. ಬಿ12 ಪರೀಕ್ಷೆಗೆ ರಕ್ತ ಕಳಿಸಿ, ವರದಿಗೆ ಕಾಯದೆ ಅಂದೇ ಮೊದಲ ಸೂಜಿ ಮದ್ದು ಕೊಟ್ಟರು. ದಿನಾ ಒಂದರಂತೆ ಒಂದು ವಾರ, ಆಮೇಲೆ ವಾರಕ್ಕೊಂದು. ಎರಡು ದಿನಕ್ಕೆ ವರದಿ ಬಂತು. ಕನಿಷ್ಠ ಇನ್ನೂರರ ಆಸುಪಾಸು ಇರಬೇಕಾದ ಅಂಕಿ ಅರವತ್ತೆಂಟಕ್ಕೆ ಇಳಿದಿತ್ತು.

'ಈ ಪರೀಕ್ಷೆಯನ್ನ ಎರಡು ವರ್ಷದ ಹಿಂದೆಯೇ ಮಾಡಿಸಬಹುದಿತ್ತು' ಎಂದಷ್ಟೇ ಅವರು ಸುಕನ್ಯಾಳಿಗೆ ಹೇಳಿದರು. ಆ ಎರಡು ವರ್ಷದಲ್ಲಿ ಅದನ್ನು ಮಾಡಿಸಬಹುದಾಗಿದ್ದ ಜನ ಆರು.

ಎಂಟನೆಯ ದಿನ ಅಶ್ವಿನಿ ಮತ್ತೆ ಸಿಂಧನೂರಿಗೆ ಬಂದಳು. ಎಲುಬಿನಿಂದ ಆಗಷ್ಟೇ ಹೊರಬಿದ್ದ ಎಳೆಯ ಕೆಂಪು ಕಣಗಳನ್ನು ಗುರುತಿಸಲು ಬೇರೆ ನೀಲಿ ಬಣ್ಣವಿದೆ. ಅದು ತಾಗಿದರೆ ಎಳೆಯ ಕಣದೊಳಗೆ ನೀಲಿ ಜಾಳಿಗೆ ಕಾಣುತ್ತದೆ. ಮೊದಲ ಸೋಮವಾರದ ರಕ್ತದಲ್ಲಿ ಅಂಥವು ನೂರಕ್ಕೆ ಒಂದೂ ಇರಲಿಲ್ಲ. ಈಗ ನೂರಕ್ಕೆ ಹತ್ತೊಂಬತ್ತು. ಮಾಸುಂಬಿ ಅಶ್ವಿನಿಯನ್ನೇ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದಳು.

'ನೋಡವ್ವ, ಎಲ್ಲಾ ನಿನ್ನವ. ಎಲಬಿನಾಗ ಒಳಗ ಕಟ್ಟಿ ಹಾಕಿದಂಗ ಇದ್ದವಲ್ಲ, ಹೊರಗ ಬಂದಾವ.'

ಅಶ್ವಿನಿ ಬಹಳ ಹೊತ್ತು ನೋಡಿದಳು. 'ನಾನು ಒಳಗ ಸತ್ತೀನಿ ಅಂತ ತಿಳದಿದ್ದೆನ್ರಿ' ಎಂದಳು.

ಆ ಭಾನುವಾರ ಮಸ್ಕಿಯಲ್ಲಿ, ಬೀಜ ಗೊಬ್ಬರದ ಅಂಗಡಿಯೊಂದರ ಮಾಳಿಗೆಯಲ್ಲಿ, ಎರಡೂ ಕಡೆಗೆ ಬೇಕಾದ ಐದು ಜನ ಹಿರಿಯರು ಕೂಡಿದರು. ಸುಕನ್ಯಾ ಮಾಸುಂಬಿಯನ್ನು ಕರೆತಂದಿದ್ದಳು. ಶಿವಶರಣಪ್ಪನವರಿಗೆ ಅದು ಹಿಡಿಸಲಿಲ್ಲ.

'ನಮ್ಮ ಮನಿ ಮಾತಿಗೆ ಈ ಬೂಬಮ್ಮ ಯಾಕ ಬಂದಾಳ?'

'ನಿಮ್ಮ ಸೊಸಿ ರಕ್ತ ನೋಡಿದಾಕಿ ಈಕಿ ಒಬ್ಬಾಕಿನ ಅದಾಳ. ಅದಕ್ಕ ಬಂದಾಳ' ಎಂದಳು ಸುಕನ್ಯಾ.

ಮಾಸುಂಬಿ ನಿಂತುಕೊಂಡೇ ಹೇಳಿದಳು. ರಕ್ತ ಎಲ್ಲಿ ಹುಟ್ಟುತ್ತದೆ ಎಂದು ಹಿರಿಯರನ್ನು ಕೇಳಿದಳು. ಒಬ್ಬರು ಹೊಟ್ಟೆ ಎಂದರು, ಒಬ್ಬರು ಗುಂಡಿಗೆ. 'ಎಲಬಿನಾಗ್ರಿ, ಒಳಗಿನ ಮಜ್ಜ್ಯಾಗ' ಎಂದಾಗ ಶಿವಶರಣಪ್ಪ ಮುಖ ಸಿಂಡರಿಸಿದರು. 'ಎಲಬು ಗಿಲಬು ಅಂತ ಶರಣರ ಮುಂದ ಮಾತಾಡಬ್ಯಾಡವಾ.'

'ನಿಮ್ಮ ಎದ್ಯಾಗೂ ಎಲಬ ಅದಾವೋ ಇಲ್ಲೋ ಶಿವಶರಣಪ್ಪ? ಲಿಂಗ ಅದರ ಮ್ಯಾಲ ಕುಂತೈತಿ' ಎಂದರು ಹಿರಿಯರಲ್ಲಿ ಎಲ್ಲರಿಗಿಂತ ವಯಸ್ಸಾದವರು. 'ಹೇಳಲಿ ಬಿಡು.'

ಅವಳು ಸಸಿ ಮಡಿಯ ಉಪಮೆಯನ್ನೇ ಹೇಳಿದಳು. ಭತ್ತದ ಜನ, ತಕ್ಷಣ ಹಿಡಿದರು. ಎರಡು ದಿನದ ರಕ್ತದ ವರದಿಗಳನ್ನೂ ಲಿಂಗಸುಗೂರಿನ ಕಾಗದವನ್ನೂ ಮುಂದಿಟ್ಟಳು. ಕ್ಯಾನ್ಸರ್ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವಂಥದ್ದೂ ಅಲ್ಲ. ಕ್ಯಾನ್ಸರ್ ಆಗಿದ್ದರೂ ತಾಟಿನಿಂದ, ಬೆವರಿನಿಂದ ಅಂಟುತ್ತಿರಲಿಲ್ಲ.

'ಮತ್ತ ಯಾಕ ಬಂತು?' ಎಂದು ಕೇಳಿದ್ದು ಬಸವಲಿಂಗ. ಅಂದು ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

ಮಾಸುಂಬಿ ಅದನ್ನು ಹೇಳುವ ಹಕ್ಕು ತನ್ನದಲ್ಲ ಎಂದು ಅಶ್ವಿನಿಯ ಕಡೆ ನೋಡಿದಳು. ಅಶ್ವಿನಿ ಎದ್ದು ನಿಂತಳು, ಗೋಡೆ ಹಿಡಿದುಕೊಂಡು. ಹರಕೆಯ ಮಾತನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಬಿಟ್ಟು ಹೇಳಿದಳು. ಬಸವಲಿಂಗ ತಾಯಿಯನ್ನು ನೋಡಿದ. ನಾಲ್ಕೂವರೆ ವರ್ಷ ಎದುರಿಗೆ ಕುಳಿತು ಮೊಸರನ್ನ ಉಂಡವನಿಗೆ ಹೆಂಡತಿಯ ತಾಟಿನಲ್ಲಿ ಮೊಸರಿಲ್ಲ ಎಂಬುದು ಆವತ್ತು ಗೊತ್ತಾಯಿತು.

ಕಸ್ತೂರೆಮ್ಮ ತಲೆ ತಗ್ಗಿಸಲಿಲ್ಲ. 'ನನ್ನ ಸಲುವಾಗಿ ಹೊತ್ತೇನೇನು? ಆಕಿ ಹೊಟ್ಟಿ ತಣ್ಣಗಿರಲಿ ಅಂತ ಹೊತ್ತೆ. ಕೂಸು ಉಳೀತೋ ಇಲ್ಲೋ? ಈಗ ಬಾಯಿ ಬಿಟ್ಟಾಳ, ಕೂಸಿಗೆ ಏನರ ಆದ್ರ ಯಾರು ಹೊಣಿ?' ಆಮೇಲೆ ದನಿ ತಗ್ಗಿಸಿ ಮಾಸುಂಬಿಯನ್ನು ಕೇಳಿದಳು, 'ಬೂಬಮ್ಮ, ಸೂಜಿಲೆ ರಕ್ತ ಬರಾಕತ್ತೈತಿ ಅಂದಿ. ಜವಳಕ್ಕ ಇನ್ನ ಹತ್ತು ತಿಂಗಳ ಉಳದಾವು. ಸೂಜಿ ಹಾಕಿಸ್ಕೊಂತ ಇರಲಿ, ಹಾಲು ಅಲ್ಲೀತನಕ ಬ್ಯಾಡ. ಎರಡೂ ನಡೀತಾವಲ್ಲ?'

ಇಬ್ಬರು ಹಿರಿಯರು ಇದಕ್ಕೆ ತಲೆಯಾಡಿಸಿದರು. ಇದು ಬರೆದು ಇಡತಕ್ಕ ಸಂಗತಿ. ಒಬ್ಬ ಹೆಣ್ಣುಮಗಳು ಸಾವಿನ ಬಾಗಿಲಿಗೆ ಹೋಗಿ ಬಂದದ್ದು ಯಾಕೆ ಎಂದು ಅರ್ಥವಾದ ಮೇಲೆ, ಅವಳನ್ನು ಸೂಜಿಯ ಮೇಲೆ ಬದುಕಿಸಿಟ್ಟು ಹರಕೆ ಪೂರೈಸಿಕೊಳ್ಳಬಹುದಲ್ಲ ಎಂಬುದು ಅವರಿಗೆ ಹೊಳೆದ ದಾರಿ.

'ಹರಕಿ ತೀರಬೇಕಲ್ರೀ ಅತ್ತಿ?' ಎಂದಳು ಅಶ್ವಿನಿ. 'ತೀರಲಿ. ಯಾರು ಹೊತ್ತಿದ್ರೋ ಅವರ ಬಾಯಿಲೆ ತೀರಲಿ. ಇವತ್ತಿನಿಂದ ಹತ್ತು ತಿಂಗಳ ನೀವು ಬಿಡ್ರಿ. ದೇವರು ನನ್ನ ಹಾಲ ಕೇಳಿದ್ದ ಅಂತ ನನಗ ಅನಸಂಗಿಲ್ಲ.'

'ನಾನಾ? ಈ ವಯಸ್ಸಿನಾಗ?'

'ಬರೇ ಹತ್ತು ತಿಂಗಳ್ರಿ. ನಾ ಐವತ್ತನಾಕು ತಿಂಗಳ ಬಿಟ್ಟೀನಿ.'

ಕಸ್ತೂರೆಮ್ಮ ಗಂಡನ ಮುಖ ನೋಡಿದಳು, ಹಿರಿಯರ ಮುಖ ನೋಡಿದಳು. 'ಚಾದಾಗಿಂದೂ ಲೆಕ್ಕಕ್ಕ ಬರ್ತೈತೇನು?' ಎಂದಳು.

ವಯಸ್ಸಾದ ಹಿರಿಯರಿಗೆ ನಗು ತಡೆಯಲಾಗಲಿಲ್ಲ. ಮಾಸುಂಬಿ ನಗಲಿಲ್ಲ. 'ನಿಮ್ಮ ಸೊಸಿಗೆ ಲೆಕ್ಕಕ್ಕ ಬಂದಿತ್ತಲ್ರೀ ಅವ್ವಾರ' ಎಂದಳು.

ಬರೆದುಕೊಡುವ ಕಾಗದ ಅಲ್ಲಿಯೇ ಉಳಿಯಿತು. ಅಶ್ವಿನಿ ಎರಡೇ ಮಾತು ಕೇಳಿದಳು. ಸೂಜಿ ಮುಗಿದು ಕಾಲು ಗಟ್ಟಿಯಾಗುವತನಕ ಸಂತೆಕಲ್ಲೂರಿನಲ್ಲಿ ಇರುತ್ತೇನೆ. ಮಗಳು ನನ್ನ ಜೊತೆ ಇರಬೇಕು, ಇವತ್ತಿನಿಂದಲೇ. ಶಿವಶರಣಪ್ಪ ಏನೋ ಹೇಳಲು ಹೊರಟರು. ಬಸವಲಿಂಗ ಅಷ್ಟರಲ್ಲಿ ಎದ್ದು ಬೈಕಿನ ಕೀಲಿ ತೆಗೆದುಕೊಂಡು ಮೆಟ್ಟಿಲಿಳಿದಿದ್ದ.

ಕಾಲುಗಳು ಪೂರ್ತಿ ಮರಳುತ್ತವೆ ಎಂದು ಡಾ. ಸಿದ್ದರಾಮೇಶ ಮಾತು ಕೊಟ್ಟಿಲ್ಲ. ರಕ್ತ ಎರಡು ತಿಂಗಳಿಗೆ ಸರಿಯಾಗುತ್ತದೆ, ನರ ಎಷ್ಟು ಬರುತ್ತದೋ ಅಷ್ಟು ಎಂದಿದ್ದಾರೆ. ಗುಳಿಗೆ ನುಂಗಿಸುತ್ತ ಕಳೆದ ಎರಡು ವರ್ಷಕ್ಕೆ ಯಾರೂ ಉತ್ತರ ಹೇಳಿಲ್ಲ, ಯಾರೂ ಕೇಳಿಯೂ ಇಲ್ಲ. ದೊಡ್ಡ ಊರಿನ ಆಸ್ಪತ್ರೆಗೆ ತನ್ನ ಮಾತು ಒಂದು ಮನೆಯಲ್ಲಿ ಏನು ಮಾಡಿತೆಂದು ಗೊತ್ತಿಲ್ಲ. ಸಿಂಧನೂರಿನ ಲ್ಯಾಬಿನಲ್ಲಿ ಆಂಜನೇಯ ಈಗ ಒಂದು ನಿಯಮ ಮಾಡಿದ್ದಾನೆ: ವರದಿಯ ಕೆಳಗೆ ತನ್ನನ್ನು ಕೇಳದೆ ಏನೂ ಬರೆಯಬಾರದು. ಮಾಸುಂಬಿ ಬೇರೆ ಹಾಳೆಯಲ್ಲಿ ಬರೆದು ವರದಿಗೆ ಪಿನ್ ಹಾಕಿ ಕೊಡುತ್ತಾಳೆ.

ಆ ಭಾನುವಾರ ಬಸವಲಿಂಗ ಗೊರೇಬಾಳದಿಂದ ಮಗಳನ್ನು ಕರೆತಂದಾಗ ಮೂರು ಗಂಟೆಯಾಗಿತ್ತು. ಅಶ್ವಿನಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕುಳಿತಿದ್ದಳು. ನೀಲಾ ಬೈಕಿನಿಂದ ಇಳಿದು ಓಡಿ ಬಂದಳು. ಎರಡು ಮಾರು ದೂರ ಇರುವಾಗ ತಟ್ಟನೆ ನಿಂತಳು, ಮನೆಯಲ್ಲಿ ಕಲಿಸಿದಂತೆ. ಕೈ ಹಿಂದಕ್ಕೆ ಕಟ್ಟಿಕೊಂಡು ಅವ್ವನನ್ನು ನೋಡುತ್ತ, ಮುಂದೆ ಬರಲು ಯಾರಾದರೂ ಹೇಳುತ್ತಾರೇನೋ ಎಂದು ಕಾಯುತ್ತ ನಿಂತಳು.

'ಬಾರವ್ವ' ಎಂದಳು ಅಶ್ವಿನಿ.

ಮಗು ಮೊದಲು ಅಪ್ಪನ ಕಡೆ ತಿರುಗಿ ನೋಡಿತು.